ಜಿಪ್ಸಿಗೆ ಫ್ಯೂಯಲ್ ಸೆಲ್: ಎಲ್ಲಿ ಕೂರಿಸಬೇಕು, ಪೈಪುಗಳನ್ನು ಹೇಗೆ ಎಳೆಯಬೇಕು?

ಕೆಸರುಹಾದಿ:
ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಎಂಪಿಎಫ್‌ಐ (ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನಿನ ಮಾರುತಿ ಜಿಪ್ಸಿ ಇದೆ. ಅದನ್ನು ಈಗ ರಸ್ತೆಗೆ ಇಳಿಸುತ್ತಿಲ್ಲ. ಸಕಲೇಶಪುರ, ಮಡಿಕೇರಿ ಕಡೆಯ ಆಫ್‌ರೋಡ್ ಸ್ಪರ್ಧೆಗಳಿಗೆ ಲಾರಿಯ ಮೇಲೆ ಹೇರಿಕೊಂಡು ಹೋಗುತ್ತೇನೆ. ಕಂಪನಿಯ 40 ಲೀಟರ್ ಟ್ಯಾಂಕು ಹಿಂಬದಿಯ ನೆಲದಡಿ ಇರುವುದರಿಂದ ಬಂಡೆಗಳಿಗೆ ತಗುಲಿ ತಳವೆಲ್ಲ ನೆಗ್ಗಿಹೋಗಿದೆ. ಟ್ಯಾಂಕಿನಲ್ಲಿ ಕಾಲುಭಾಗ ಪೆಟ್ರೋಲ್ ಇದ್ದಾಗ ಕಡಿದಾದ ಏರು ಹತ್ತಿದರೆ ಎಂಜಿನು ಮುಗ್ಗರಿಸಿ ನಿಂತೇಬಿಡುತ್ತದೆ. ಈ ಎರಡು ತೊಂದರೆಗಳಿಗೂ ಪರಿಹಾರವಾಗಲಿ ಎಂದು 45 ಲೀಟರಿನ ಫ್ಯೂಯಲ್ ಸೆಲ್, ಅಂದರೆ ರೇಸ್ ಗಾಡಿಗಳ ಸುರಕ್ಷಾ ಇಂಧನ ಟ್ಯಾಂಕು, ತರಿಸಿದ್ದೇನೆ. ಹಿಂದಿನ ಸೀಟು ತೆಗೆದಿರುವ ಜಾಗದಲ್ಲಿ, ರೋಲ್ ಕೇಜಿನ (ಗಾಡಿ ಮಗುಚಿದಾಗ ಕಾಪಾಡುವ ಉಕ್ಕಿನ ಕೊಳವೆಗಳ ಪಂಜರದ) ಒಳಗೆ ಅದನ್ನು ಕೂರಿಸುವ ಯೋಚನೆಯಿದೆ. ಜಾಗ ಸರಿಯೇ, ಪೈಪು ಯಾವುದು, ವೆಂಟ್ (ಟ್ಯಾಂಕಿನ ಗಾಳಿಯಾಡುವ ಪೈಪು) ಎಲ್ಲಿಗೆ ಒಯ್ಯಬೇಕು, ಪಂಪು ಒಳಗಿರಬೇಕೋ ಹೊರಗಿರಬೇಕೋ ಎಂಬುದನ್ನು ಕೆಲಸ ಮಾಡಿ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಘಟ್ಟದಗಾಲಿ:
ಕೂರಿಸುವ ಮಾತಿಗೆ ಮೊದಲು ಒಂದು ಪ್ರಶ್ನೆ. ನೀವು ತರಿಸಿರುವುದರೊಳಗೆ ರಬ್ಬರಿನ ಚೀಲ, ಅಂದರೆ ಬ್ಲಾಡರ್, ಇದೆಯೇ? ಅಥವಾ ಅಲ್ಯೂಮಿನಿಯಂ ಪೆಟ್ಟಿಗೆಗೆ ಫೋಮ್ ತುಂಬಿ ಕೊಟ್ಟಿದ್ದಾರೆಯೇ?

ಕೆಸರುಹಾದಿ:
ಬ್ಲಾಡರ್ ಇಲ್ಲ. ಅಲ್ಯೂಮಿನಿಯಂ ಪೆಟ್ಟಿಗೆ, ಒಳಗೆ ಕಪ್ಪು ಫೋಮ್. ಆನ್‌ಲೈನಿನಲ್ಲಿ ರೇಸಿಂಗ್ ಫ್ಯೂಯಲ್ ಸೆಲ್ ಎಂದೇ ಮಾರುತ್ತಿದ್ದರು.

ಘಟ್ಟದಗಾಲಿ:
ಹಾಗಾದರೆ ಅದು ಒಳ್ಳೆಯ ಟ್ಯಾಂಕು, ಅಷ್ಟೇ. ನಿಜವಾದ ಫ್ಯೂಯಲ್ ಸೆಲ್‌ನಲ್ಲಿ ಮೂರು ಅಂಗಗಳಿರುತ್ತವೆ: ಹೊರಗೆ ಲೋಹದ ಡಬ್ಬಿ, ಅದರೊಳಗೆ ಬಟ್ಟೆಯ ಎಳೆಗಳಿಂದ ಬಲಪಡಿಸಿದ ರಬ್ಬರಿನ ಬ್ಲಾಡರ್, ಬ್ಲಾಡರಿನೊಳಗೆ ಸ್ಪಂಜಿನಂತಹ ಫೋಮ್. ಡಬ್ಬಿ ನಜ್ಜುಗುಜ್ಜಾದರೂ ಬ್ಲಾಡರ್ ಅದರ ಆಕಾರಕ್ಕೆ ಬಾಗಿ ಪೆಟ್ರೋಲನ್ನು ಹಿಡಿದಿಡುತ್ತದೆ. ಫೋಮ್ ಪೆಟ್ರೋಲಿನ ತುಳುಕಾಟವನ್ನು ತಗ್ಗಿಸಿ, ಖಾಲಿ ಜಾಗದ ಆವಿಗೆ ಬೆಂಕಿ ತಗುಲಿದರೂ ಅದು ಸ್ಫೋಟವಾಗಿ ಹಬ್ಬದಂತೆ ತಡೆಯುತ್ತದೆ.

ಈ ವ್ಯವಸ್ಥೆ ಸುಮ್ಮನೆ ಬಂದದ್ದಲ್ಲ. 1964ರ ಇಂಡಿಯಾನಾಪೊಲಿಸ್ 500 ರೇಸಿನ ಆರಂಭದಲ್ಲೇ ಎದ್ದ ಬೆಂಕಿಯಲ್ಲಿ ಎಡ್ಡಿ ಸ್ಯಾಕ್ಸ್ ಮತ್ತು ಡೇವ್ ಮ್ಯಾಕ್‌ಡೊನಾಲ್ಡ್ ಪ್ರಾಣ ಕಳೆದುಕೊಂಡರು. ಅಮೆರಿಕದ ರೇಸುಗಳಲ್ಲಿ ಇಂಧನ ಟ್ಯಾಂಕಿನ ಸುರಕ್ಷತೆಯನ್ನು ಗಂಭೀರವಾಗಿ ಕಂಡದ್ದು ಆ ದುರಂತದ ನಂತರ. ಫಾರ್ಮುಲಾ ಒನ್‌ಗೆ ಸುರಕ್ಷಾ ಬ್ಲಾಡರ್ 1970ರಲ್ಲಿ ಬಂತು. ಇಂದು ಎಫ್‌ಐಎ (ಮೋಟಾರು ಕ್ರೀಡೆಗಳ ಅಂತರರಾಷ್ಟ್ರೀಯ ಸಂಸ್ಥೆ) ಒಪ್ಪುವ ಬ್ಲಾಡರುಗಳು ಎಫ್‌ಟಿ3-1999, ಎಫ್‌ಟಿ3.5-1999, ಎಫ್‌ಟಿ5-1999 ಎಂಬ ದರ್ಜೆಗಳಲ್ಲಿ ಸಿಗುತ್ತವೆ. ಅವುಗಳ ಮೇಲೆ ತಯಾರಕರ ಹೆಸರು, ಕ್ರಮಸಂಖ್ಯೆ, ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುತ್ತವೆ. ಆಯುಷ್ಯ ತಯಾರಾದ ದಿನದಿಂದ 5 ವರ್ಷ. ತಯಾರಕರೇ ಪರೀಕ್ಷಿಸಿ ಮುದ್ರೆ ಹಾಕಿದರೆ ಇನ್ನು 2 ವರ್ಷ. ಹಳೆಯ ಬ್ಲಾಡರ್ ಕೊಳ್ಳುವವರು ಮೊದಲು ಆ ದಿನಾಂಕವನ್ನು ನೋಡಬೇಕು.

ಹಾಸನದಡೀಸೆಲ್:
ಘಟ್ಟದಗಾಲಿಯವರು ಹೇಳಿದ್ದು ಸರಿ, ಆದರೆ ಅದು ನಮ್ಮ ಆಟಕ್ಕೆ ಅನ್ವಯಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನಾವು ನಡೆಯುವ ವೇಗದಲ್ಲಿ ಬಂಡೆ ಹತ್ತುವವರು. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದುವವರಿಗಾಗಿ ಮಾಡಿದ ಬ್ಲಾಡರನ್ನು ಹೊರದೇಶದಿಂದ ತರಿಸಿ, ಸುಂಕ ಕಟ್ಟಿ, 5 ವರ್ಷಕ್ಕೊಮ್ಮೆ ಬದಲಿಸುವುದು ಎಷ್ಟು ಜನರಿಗೆ ಸಾಧ್ಯ? ದಪ್ಪ ತಗಡಿನ, ಅಚ್ಚುಕಟ್ಟಾಗಿ ಬೆಸುಗೆ ಹಾಕಿದ ಪೆಟ್ಟಿಗೆಯನ್ನು ಕೇಜಿನ ನಡುವೆ ಭದ್ರವಾಗಿ ಕೂರಿಸಿದರೆ ಸಾಕು.

ಸ್ಟೇಜ್‌ಮಾರ್ಷಲ್:
ಹಾಸನದ ಮಿತ್ರರೇ, ವೇಗದ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ನಮ್ಮ ಸ್ಪರ್ಧೆಗಳಲ್ಲಿ ಟ್ಯಾಂಕು ಒಡೆದದ್ದನ್ನು ನಾನು ನೋಡಿಲ್ಲ. ಗಾಡಿ ಮಗುಚಿದಾಗ ಪೆಟ್ರೋಲ್ ಸೋರಿದ್ದನ್ನು ಮಾತ್ರ ಮತ್ತೆ ಮತ್ತೆ ನೋಡಿದ್ದೇನೆ. ಕಾಫಿ ತೋಟವೊಂದರ ಇಳಿಜಾರಿನಲ್ಲಿ ಜೀಪೊಂದು ನಿಧಾನವಾಗಿ ಎಡಮಗ್ಗುಲಿಗೆ ಮಲಗಿತು. ಚಾಲಕನಿಗೆ ತರಚಿದ ಗಾಯವೂ ಆಗಿರಲಿಲ್ಲ. ನಾನು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡುವಷ್ಟರಲ್ಲಿ, ಬೆರಳುಗಾತ್ರದ ವೆಂಟ್ ಪೈಪಿನ ಬಾಯಿಂದ ಪೆಟ್ರೋಲ್ ಸಣ್ಣ ಧಾರೆಯಾಗಿ ಇಳಿದು, ಸೈಲೆನ್ಸರಿನಿಂದ ಒಂದು ಗೇಣು ದೂರದಲ್ಲಿ ತರಗೆಲೆಗಳನ್ನು ತೋಯಿಸುತ್ತಿತ್ತು. ಚಾಲಕ ಸೀಟ್‌ಬೆಲ್ಟಿನಲ್ಲಿ ಜೋತುಬಿದ್ದಿದ್ದ, ಇಂಧನ ಪಂಪು ಇನ್ನೂ ಸದ್ದು ಮಾಡುತ್ತಲೇ ಇತ್ತು. ಆ ಟ್ಯಾಂಕಿಗೆ ಏನೂ ಆಗಿರಲಿಲ್ಲ.

ದೊಡ್ಡ ವೇಗದ ಉದಾಹರಣೆಯೂ ಇದನ್ನೇ ಹೇಳುತ್ತದೆ. 2020ರ ನವೆಂಬರ್ 29ರಂದು ಬಹರೇನ್‌ನಲ್ಲಿ ಫಾರ್ಮುಲಾ ಒನ್ ಚಾಲಕ ರೊಮೆನ್ ಗ್ರೋಜಾನ್ ಅವರ ಕಾರು ತಡೆಬೇಲಿಗೆ ನುಗ್ಗಿ ಎರಡು ಹೋಳಾಗಿ ಹೊತ್ತಿ ಉರಿಯಿತು. ಅವರು ಹೊರಬಂದದ್ದು 27 ಸೆಕೆಂಡುಗಳ ನಂತರ. ಎಫ್‌ಐಎ ನಡೆಸಿದ ತನಿಖೆಯ ಪ್ರಕಾರ ಟ್ಯಾಂಕಿನ ಎಡಬದಿಯ ತಪಾಸಣಾ ಮುಚ್ಚಳ ಕಳಚಿತ್ತು, ಎಂಜಿನಿಗೆ ಹೋಗುವ ಪೈಪಿನ ಜೋಡಣೆ ಬ್ಲಾಡರಿನಿಂದ ಕಿತ್ತುಬಂದಿತ್ತು. ಜಗತ್ತಿನಲ್ಲೇ ಗಟ್ಟಿಯಾದ ಬ್ಲಾಡರ್ ಇದ್ದ ಕಾರಿನಲ್ಲೂ ಪೆಟ್ರೋಲ್ ಹೊರಬಂದ ದಾರಿ ಮುಚ್ಚಳ ಮತ್ತು ಪೈಪಿನ ಜೋಡಣೆ. ಆದ್ದರಿಂದ ಕೆಸರುಹಾದಿಯವರು ತಮ್ಮ ಹಣವನ್ನೂ ಗಮನವನ್ನೂ ಮೊದಲು ಪೈಪು, ವೆಂಟ್, ಮುಚ್ಚಳಗಳ ಮೇಲೆ ಹಾಕಲಿ. ಬ್ಲಾಡರ್ ಅದರ ಮುಂದಿನ ಹೆಜ್ಜೆ.

ಘಟ್ಟದಗಾಲಿ:
ಮಾರ್ಷಲ್ ಅವರ ಕ್ರಮವನ್ನು ಒಪ್ಪುತ್ತೇನೆ. ಆದರೆ ಬ್ಲಾಡರ್ ಬೇಡವೇ ಬೇಡ ಎಂಬ ಮಾತನ್ನು ಒಪ್ಪಲಾರೆ. ಜಿಪ್ಸಿಯ ಹಿಂಬದಿ ಗಿಡ್ಡ. ಮರದ ಬುಡಕ್ಕೆ ಹಿಮ್ಮುಖವಾಗಿ ಜಾರಿ ಗುದ್ದುವುದು ಮಲೆನಾಡಿನಲ್ಲಿ ಅಪರೂಪವೇನಲ್ಲ.

ಚಾಸಿಮೇಸ್ತ್ರಿ:
ಕೂರಿಸುವುದರ ಬಗ್ಗೆ ಯಾರೂ ಹೇಳಲಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಜಿಪ್ಸಿಯಲ್ಲಿ ಚಾಸಿ ಬೇರೆ, ಬಾಡಿ ಬೇರೆ. ನಡುವೆ ರಬ್ಬರ್ ಬುಶ್‌ಗಳಿವೆ. ಒಂದು ಚಕ್ರ ಗುಂಡಿಗೆ ಇಳಿದು ಇನ್ನೊಂದು ಬಂಡೆಯ ಮೇಲಿರುವಾಗ ಚಾಸಿ ತಿರುಚಿಕೊಳ್ಳುತ್ತದೆ, ಬಾಡಿ ಅಷ್ಟು ತಿರುಚಿಕೊಳ್ಳುವುದಿಲ್ಲ. ಆದ್ದರಿಂದ ಟ್ಯಾಂಕಿನ ಚೌಕಟ್ಟಿನ ಎರಡು ಕಾಲುಗಳನ್ನು ಚಾಸಿಗೂ ಎರಡನ್ನು ಬಾಡಿಗೂ ಕಟ್ಟಿದರೆ ಬೆಸುಗೆ ಬಿರಿಯುವುದು ಖಂಡಿತ. ನಾಲ್ಕೂ ಕಾಲುಗಳು ಒಂದೇ ಕಡೆಗೆ ಸೇರಿರಬೇಕು. ನಿಮ್ಮ ಕೇಜು ಬಾಡಿಯನ್ನು ದಾಟಿ ಚಾಸಿಗೆ ಬೋಲ್ಟ್ ಆಗಿದ್ದರೆ ಚೌಕಟ್ಟನ್ನು ಕೇಜಿಗೇ ಸೇರಿಸಿ.

ತುಂಬಿದ 45 ಲೀಟರ್ ಪೆಟ್ರೋಲ್ ಸುಮಾರು 33 ಕಿಲೋ ತೂಗುತ್ತದೆ, ಪೆಟ್ಟಿಗೆಯ ತೂಕ ಬೇರೆ. ಅದನ್ನು ನೆಲದ ತಗಡಿಗೆ ನಾಲ್ಕು ಸ್ಕ್ರೂ ಹೊಡೆದು ನಿಲ್ಲಿಸಲಾಗದು. ಆಂಗಲ್ ಕಬ್ಬಿಣದ ತೊಟ್ಟಿಲು ಮಾಡಿ, ಮೇಲಿನಿಂದ ಎರಡು ಉಕ್ಕಿನ ಪಟ್ಟಿಗಳನ್ನು ಬಿಗಿಯಿರಿ. ಪಟ್ಟಿಗೂ ಅಲ್ಯೂಮಿನಿಯಮ್ಮಿಗೂ ನಡುವೆ ದಪ್ಪ ರಬ್ಬರ್ ಇರಲಿ. ಲೋಹಕ್ಕೆ ಲೋಹ ತಾಗಿದರೆ ಕಂಪನಕ್ಕೆ ತಗಡು ಸವೆದು ತೂತಾಗುತ್ತದೆ. ಪೆಟ್ಟಿಗೆಯ ಕಿವಿಗಳಿಗೆ ಮಾತ್ರ ಬೋಲ್ಟ್ ಹಾಕಿ ಪಟ್ಟಿಯಿಲ್ಲದೆ ಬಿಟ್ಟರೆ ಕಿವಿಯ ಬುಡದಲ್ಲೇ ಸೀಳು ಬಿಡುತ್ತದೆ. ಬೆಸುಗೆಯನ್ನೆಲ್ಲ ಟ್ಯಾಂಕು ಗಾಡಿಗೆ ಬರುವ ಮುಂಚೆಯೇ ಮುಗಿಸಿಕೊಳ್ಳಿ. ಒಮ್ಮೆ ಪೆಟ್ರೋಲ್ ಕಂಡ ಟ್ಯಾಂಕು ಖಾಲಿಯಾದ ಮೇಲೂ ಆವಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದರ ಪಕ್ಕ ಬೆಸುಗೆ ಹಾಕಲು ಯಾವ ಮೇಸ್ತ್ರಿಯೂ ಒಪ್ಪಬಾರದು.

ಕೆಸರುಹಾದಿ:
ಕೇಜು ಚಾಸಿಗೇ ಬೋಲ್ಟ್ ಆಗಿದೆ, ಧನ್ಯವಾದ. ಟ್ಯಾಂಕು ಒಳಗಿದ್ದರೆ ಚಾಲಕನಿಗೂ ಅದಕ್ಕೂ ನಡುವೆ ಅಡ್ಡಗೋಡೆ ಬೇಕೇ? ಗಾಡಿ ಹೇಗೂ ತೆರೆದದ್ದು.

ಸ್ಟೇಜ್‌ಮಾರ್ಷಲ್:
ಖಂಡಿತ ಬೇಕು. ತೆರೆದ ಗಾಡಿಯಾದರೂ ಪೆಟ್ರೋಲ್ ಮುಂದಕ್ಕೆ ಹರಿದರೆ ನಿಮ್ಮ ಸೀಟಿನ ಕೆಳಗೇ ಬರುತ್ತದೆ. ನೆಲದಿಂದ ಕೇಜಿನ ಅಡ್ಡಪಟ್ಟಿಯವರೆಗೆ ತಗಡಿನ ಫೈರ್‌ವಾಲ್ ಹಾಕಿ, ಅಂಚುಗಳಲ್ಲಿ ಬಿರುಕು ಉಳಿಯದಂತೆ ಮುಚ್ಚಿ. ಟ್ಯಾಂಕಿನ ಕೆಳಗೆ ತಟ್ಟೆಯಂತಹ ತಗಡಿರಲಿ, ಅದಕ್ಕೊಂದು ತೂತು ಮಾಡಿ ಹೊರಗೆ ಪೈಪು ಬಿಡಿ. ಎಫ್‌ಐಎ ನಿಯಮದ ಪ್ರಕಾರ ಕಾಕ್‌ಪಿಟ್‌ನೊಳಗೆ ಇಂಧನ ಪೈಪಿಗೆ ಜೋಡಣೆಗಳಿರುವಂತಿಲ್ಲ. ಇರುವುದಾದರೆ ಮುಂದಿನ ಮತ್ತು ಹಿಂದಿನ ಅಡ್ಡಗೋಡೆಯಲ್ಲಿ ಮಾತ್ರ. ಸ್ಥಳೀಯ ಸ್ಪರ್ಧೆಯಲ್ಲಿ ಯಾರೂ ಕೇಳದಿದ್ದರೂ ಈ ನಿಯಮವನ್ನು ಪಾಲಿಸಿ.

ಬೋಲ್ಟುನಟ್ಟು:
ಪೈಪಿನ ವಿಷಯಕ್ಕೆ ಬರುತ್ತೇನೆ. ಜಿಪ್ಸಿಯ 1.3 ಲೀಟರ್ ಎಂಜಿನಿಗೆ ಎಎನ್-6 ಪೈಪು ಧಾರಾಳವಾಯಿತು. ಎಎನ್ ಸಂಖ್ಯೆ ಎಂದರೆ ಅಂಗುಲದ ಹದಿನಾರನೇ ಭಾಗಗಳ ಲೆಕ್ಕ; 6 ಎಂದರೆ ಮೂರೆಂಟಾಂಶ ಅಂಗುಲ. ಅಂಗಡಿಯವರು ದೊಡ್ಡದನ್ನೇ ಹೊಗಳುತ್ತಾರೆ, ಕೇಳಬೇಡಿ.

ಒಳಗಿನ ಪದರ ರಬ್ಬರಿನದಾಗಿದ್ದರೆ ಇಂದಿನ ಪೆಟ್ರೋಲಿಗೆ ಅದು ಒಗ್ಗುವುದೇ ಎಂದು ನೋಡಿಕೊಳ್ಳಿ. ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು, ಈಗ ಬಹುತೇಕ ಬಂಕುಗಳಲ್ಲಿ ಸಿಗುವುದು ಅದೇ. ಹಳೆಯ ಬಗೆಯ ರಬ್ಬರ್ ಅದರಲ್ಲಿ ಉಬ್ಬಿ, ಆಮೇಲೆ ಬಿರುಕು ಬಿಡುತ್ತದೆ. ಒಳಪದರ ಪಿಟಿಎಫ್‌ಇ (ಟೆಫ್ಲಾನ್) ಆಗಿರುವ, ಮೇಲೆ ಹೆಣಿಗೆಯಿರುವ ಪೈಪು ಹಾಕಿದರೆ ಈ ಚಿಂತೆಯೂ ಇಲ್ಲ, ವಾಸನೆಯೂ ಇಲ್ಲ. ಆದರೆ ಅದನ್ನು ಚಿಕ್ಕ ತಿರುವಿನಲ್ಲಿ ಬಗ್ಗಿಸಿದರೆ ಮಡಿಕೆ ಬೀಳುತ್ತದೆ, ಮಡಿಕೆ ಬಿದ್ದ ಪೈಪನ್ನು ಮತ್ತೆ ಬಳಸಬಾರದು. ಹೊರಗಿನ ಸ್ಟೀಲ್ ಹೆಣಿಗೆ ಗರಗಸದ ಹಾಗೆ ತಾಗಿದ್ದನ್ನೆಲ್ಲ ಕೊರೆಯುತ್ತದೆ, ಆದ್ದರಿಂದ ರಬ್ಬರ್ ಒಳಗಿರುವ ಕ್ಲಿಪ್ಪುಗಳಿಂದ ಹತ್ತಿರ ಹತ್ತಿರ ಹಿಡಿಸಿ.

ಇನ್ನೊಂದು ಮುಖ್ಯ ವಿಷಯ. ಪಂಪು ಟ್ಯಾಂಕಿನೊಳಗಿದ್ದರೆ, ಪಂಪಿನಿಂದ ಮುಚ್ಚಳದವರೆಗಿನ ಆ ಗೇಣುದ್ದದ ತುಂಡು ಪೈಪು ಎಸ್‌ಎಇ ಜೆ30 ಆರ್10 ದರ್ಜೆಯದೇ ಆಗಿರಬೇಕು. ಸಾಮಾನ್ಯ ಇಂಧನ ಪೈಪಿನ ಒಳಮೈ ಪೆಟ್ರೋಲನ್ನು ತಡೆಯುತ್ತದೆ, ಹೊರಮೈ ಸದಾ ಅದರಲ್ಲಿ ಮುಳುಗಿರಲು ಮಾಡಿದ್ದಲ್ಲ. ಅದು ಮೆತ್ತಗಾಗಿ ಕ್ಲಿಪ್ಪಿನಿಂದ ಜಾರುತ್ತದೆ. ಆಮೇಲೆ ಪಂಪು ಓಡುತ್ತಿದ್ದರೂ ಎಂಜಿನಿಗೆ ಒತ್ತಡ ಬರುವುದಿಲ್ಲ, ಹೊರಗಿನಿಂದ ನೋಡಿದರೆ ಕಾರಣವೂ ಕಾಣುವುದಿಲ್ಲ.

ಹಾಸನದಡೀಸೆಲ್:
ಜೋಡಣೆಗಳಿಗೆ ಬಿಳಿ ಟೇಪು ಸುತ್ತಿ ಬಿಗಿದರೆ ಸೋರುವುದಿಲ್ಲ ಎಂದು ನಮ್ಮ ಗ್ಯಾರೇಜಿನವರು ಹೇಳುತ್ತಾರೆ. ಅದನ್ನೂ ಸೇರಿಸಿಕೊಳ್ಳಿ.

ಬೋಲ್ಟುನಟ್ಟು:
ದಯವಿಟ್ಟು ಹಾಗೆ ಮಾಡಬೇಡಿ. ಎಎನ್ ಜೋಡಣೆಯಲ್ಲಿ ಸೋರಿಕೆ ತಡೆಯುವುದು 37 ಡಿಗ್ರಿ ಇಳಿಜಾರಿನ ಎರಡು ಲೋಹದ ಮುಖಗಳು; ಮರೆ, ಅಂದರೆ ತಿರುಪಿನ ಥ್ರೆಡ್, ಬರೀ ಎಳೆದು ಹಿಡಿಯುತ್ತದೆ. ಮರೆಗೆ ಟೇಪು ಸುತ್ತಿದರೆ ಮುಖಗಳು ಸರಿಯಾಗಿ ಕೂರುವುದಿಲ್ಲ, ಟೇಪಿನ ಚೂರು ಇಂಜೆಕ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಓ-ರಿಂಗ್ ಇರುವ ಜೋಡಣೆಗೂ ಟೇಪು ಬೇಡ. ಮೊನಚಾಗುತ್ತಾ ಹೋಗುವ ಎನ್‌ಪಿಟಿ ಮರೆಗೆ ಮಾತ್ರ, ಅದೂ ಪೆಟ್ರೋಲಿಗೆ ಕರಗದ ಲೇಪವನ್ನು, ಮೊದಲ ಎರಡು ಸುತ್ತು ಬಿಟ್ಟು ಹಚ್ಚಬೇಕು. ಅಲ್ಯೂಮಿನಿಯಂ ನಟ್ಟುಗಳನ್ನು ಬಿಗಿಯುವಾಗ ಎರಡು ಸ್ಪ್ಯಾನರ್ ಹಿಡಿಯಿರಿ. ಒಂದರಲ್ಲೇ ತಿರುಗಿಸಿದರೆ ಪೈಪೂ ತಿರುಚಿಕೊಳ್ಳುತ್ತದೆ.

ಏರುಇಳುಕಲು:
ಏರಿನಲ್ಲಿ ಎಂಜಿನು ನಿಲ್ಲುವುದಕ್ಕೆ ಯಾರೂ ಉತ್ತರಿಸಿಲ್ಲ. ಕಾರ್ಬುರೇಟರ್ ಇದ್ದರೆ ಅದರ ಬಟ್ಟಲಿನಲ್ಲಿ ಸ್ವಲ್ಪ ಪೆಟ್ರೋಲ್ ಉಳಿದಿರುತ್ತದೆ, ಕ್ಷಣಕಾಲದ ಕೊರತೆ ಗೊತ್ತಾಗುವುದಿಲ್ಲ. ಎಂಪಿಎಫ್‌ಐಗೆ 3 ಬಾರ್ ಆಸುಪಾಸಿನ ಒತ್ತಡ ಸದಾ ಇರಬೇಕು; ಪಂಪು ಒಮ್ಮೆ ಗಾಳಿ ಎಳೆದರೆ ಎಂಜಿನು ನಿಂತಂತೆಯೇ. ಫೋಮ್ ತುಳುಕಾಟವನ್ನು ನಿಧಾನಗೊಳಿಸುತ್ತದೆ, ಆದರೆ ಐದು ನಿಮಿಷ ಒಂದೇ ಏರಿನಲ್ಲಿ ವಿಂಚ್ ಕಟ್ಟಿಕೊಂಡು ನಿಂತರೆ ಪೆಟ್ರೋಲೆಲ್ಲ ಹಿಂದಿನ ಮೂಲೆ ಸೇರಿಯೇ ಸೇರುತ್ತದೆ.

ಇದಕ್ಕೆ ಎರಡು ದಾರಿಗಳಿವೆ. ಟ್ಯಾಂಕಿನ ತಳದಲ್ಲಿ ಒಳಕ್ಕೆ ಮಾತ್ರ ತೆರೆಯುವ ಬಾಗಿಲುಗಳಿರುವ ಪುಟ್ಟ ಪೆಟ್ಟಿಗೆಯಿಟ್ಟು, ಪಂಪನ್ನು ಅದರೊಳಗೆ ನಿಲ್ಲಿಸುವುದು ಒಂದು. ಹೊರಗೆ ಒಂದೆರಡು ಲೀಟರಿನ ಸರ್ಜ್ ಟ್ಯಾಂಕ್ ಇಟ್ಟು, ಕಡಿಮೆ ಒತ್ತಡದ ಪಂಪಿನಿಂದ ಅದನ್ನು ಸದಾ ತುಂಬಿಸುತ್ತಾ, ಹೆಚ್ಚು ಒತ್ತಡದ ಪಂಪು ಅದರ ತಳದಿಂದ ಎಳೆಯುವಂತೆ ಮಾಡುವುದು ಇನ್ನೊಂದು. ಒತ್ತಡ ಕಾಯುವ ರೆಗ್ಯುಲೇಟರಿನ ರಿಟರ್ನ್ (ಮಿಕ್ಕ ಪೆಟ್ರೋಲ್ ಮರಳುವ ಪೈಪು) ಸರ್ಜ್ ಟ್ಯಾಂಕಿಗೆ ಬರಬೇಕು, ಅಲ್ಲಿ ಉಕ್ಕಿದ್ದು ದೊಡ್ಡ ಟ್ಯಾಂಕಿನ ತಲೆಗೆ ಹೋಗಬೇಕು. ನಾನು ಮೊದಲನೆಯದನ್ನೇ ಮೆಚ್ಚುತ್ತೇನೆ: ಜೋಡಣೆಗಳು ಕಡಿಮೆ, ಪಂಪು ಪೆಟ್ರೋಲಿನಲ್ಲೇ ಮುಳುಗಿ ತಂಪಾಗಿರುತ್ತದೆ. ಹೊರಗಿಡುವುದಾದರೆ ಪಂಪು ಟ್ಯಾಂಕಿನ ತಳಕ್ಕಿಂತ ಕೆಳಗಿರಲಿ, ಏಕೆಂದರೆ ಈ ಪಂಪುಗಳಿಗೆ ತಳ್ಳುವ ಶಕ್ತಿಯಿದೆ, ಎಳೆಯುವ ಶಕ್ತಿ ಕಡಿಮೆ. ಪಂಪಿಗೆ ಮುಂಚೆ 100 ಮೈಕ್ರಾನಿನ ಜಾಲರಿ, ಪಂಪಿನ ನಂತರ 10 ಮೈಕ್ರಾನಿನ ಫಿಲ್ಟರ್ ಹಾಕಿ. ಇದನ್ನು ಅದಲುಬದಲು ಮಾಡಿದರೆ ಪಂಪು ಉಸಿರುಗಟ್ಟಿ ಬೇಗ ಸಾಯುತ್ತದೆ.

ಥಾರ್‌ಮಂಜ:
ನನ್ನದು ಹಳೆಯ ಡೀಸೆಲ್ ಸಿಆರ್‌ಡಿಇ (ಕಾಮನ್ ರೈಲ್ ಎಂಜಿನಿನ) ಥಾರ್. ನನಗೂ ಇದೇ ಮಾತು ಅನ್ವಯಿಸುತ್ತದೆಯೇ?

ಏರುಇಳುಕಲು:
ಮಂಜು ಅವರೇ, ಕೂರಿಸುವುದು, ವೆಂಟ್, ಫೈರ್‌ವಾಲ್ ಎಲ್ಲವೂ ಅನ್ವಯಿಸುತ್ತವೆ. ಕಾಮನ್ ರೈಲ್ ಎಂಜಿನಿನಿಂದ ಮರಳುವ ಡೀಸೆಲ್ ಬಿಸಿಯಾಗಿರುತ್ತದೆ. ಚಿಕ್ಕ ಟ್ಯಾಂಕಿನಲ್ಲಿ ಬಿಸಿ ಬೇಗ ಏರುತ್ತದೆ. ರಿಟರ್ನನ್ನು ಎಳೆಯುವ ಬಾಯಿಂದ ದೂರ ಬಿಡಿ. ತಾಮ್ರದ ಪೈಪು, ಸತುವು ಲೇಪಿಸಿದ ಟ್ಯಾಂಕು ಡೀಸೆಲ್‌ಗೆ ಬೇಡ.

ಹೊಳೆದಾಟು:
ವೆಂಟ್ ಬಗ್ಗೆ ಪುಸ್ತಕದ ಮಾತು ಏನೆಂದರೆ, ಟ್ಯಾಂಕಿನ ತಲೆಯಿಂದ ಹೊರಟ ಪೈಪು ಮೇಲೆ ಹೋಗಿ, ಗಾಡಿಯ ಅಡ್ಡಗಲಕ್ಕೂ ಒಂದು ಸುತ್ತು ಬಂದು, ಟ್ಯಾಂಕಿನ ತಳಕ್ಕಿಂತ ಕೆಳಗೆ ಬಾಯಿ ಬಿಡಬೇಕು. ಆದರೆ ಮಳೆಗಾಲದ ಹಳ್ಳ ದಾಟುವ ನಮಗೆ ಅದು ಅಪಾಯ. ಬಾಯಿ ನೀರಿನಲ್ಲಿ ಮುಳುಗಿದರೆ ಟ್ಯಾಂಕು ನೀರು ಎಳೆದುಕೊಳ್ಳುತ್ತದೆ, ಎಥನಾಲ್ ಇರುವ ಪೆಟ್ರೋಲಿಗೆ ನೀರು ಸೇರಿದರೆ ಎಥನಾಲ್ ನೀರಿನ ಜೊತೆಗೂಡಿ ತಳಕ್ಕೆ ಇಳಿಯುತ್ತದೆ. ಆದ್ದರಿಂದ ಬಾಯಿಯನ್ನು ಕೇಜಿನ ತುದಿಯಲ್ಲೇ ಬಿಡಬೇಕು ಎಂಬುದು ನನ್ನ ವಾದ.

ಸ್ಟೇಜ್‌ಮಾರ್ಷಲ್:
ಗಾಡಿ ತಲೆಕೆಳಗಾದರೆ ಕೇಜಿನ ತುದಿಯೇ ಅತ್ಯಂತ ಕೆಳಗಿನ ಜಾಗವಾಗುತ್ತದೆ. ನೀವು ಹೇಳಿದಂತೆ ಮಾಡಿದರೆ ಇಡೀ ಟ್ಯಾಂಕು ಅಲ್ಲಿಂದ ಖಾಲಿಯಾಗುತ್ತದೆ.

ಹೊಳೆದಾಟು:
ಟ್ಯಾಂಕಿನ ತಲೆಯಲ್ಲಿ ರೋಲ್‌ಓವರ್ ವಾಲ್ವ್ ಇರುತ್ತದಲ್ಲ? ಮಗುಚಿದಾಗ ಅದರ ಗುಂಡು ಬಿದ್ದು ದಾರಿ ಮುಚ್ಚುತ್ತದೆ.

ಸ್ಟೇಜ್‌ಮಾರ್ಷಲ್:
ಆ ಗುಂಡಿನ ಕೂರುವ ಜಾಗದಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಸಾಕು. ನಾನು ಹೇಳಿದ ಜೀಪಿನಲ್ಲೂ ವಾಲ್ವ್ ಇತ್ತು. ಚಲಿಸುವ ಭಾಗ ಕೆಟ್ಟರೂ ಪೈಪಿನ ಆಕಾರವೇ ಸೋರಿಕೆಯನ್ನು ತಡೆಯುವಂತಿರಬೇಕು.

ಗಣಿತಮೇಷ್ಟ್ರು:
ನೀರು ಎಳೆದುಕೊಳ್ಳುವ ಭಯವನ್ನು ಲೆಕ್ಕ ಹಾಕಿ ನೋಡೋಣ. ಟ್ಯಾಂಕಿನಲ್ಲಿ 20 ಲೀಟರ್ ಖಾಲಿ ಜಾಗವಿದೆ, ಹಳ್ಳ ದಾಟುವ ಕೆಲವು ನಿಮಿಷಗಳಲ್ಲಿ ಎಂಜಿನು ಅರ್ಧ ಲೀಟರ್ ಕುಡಿಯುತ್ತದೆ ಎಂದುಕೊಳ್ಳಿ. ಅದೂ ಧಾರಾಳದ ಲೆಕ್ಕ. ಆಗ ಒಳಗಿನ ಗಾಳಿಯ ಒತ್ತಡ ಸುಮಾರು ಶೇಕಡಾ 2.5ರಷ್ಟು ಇಳಿಯುತ್ತದೆ, ಅದು ಪೈಪಿನಲ್ಲಿ ನೀರನ್ನು ಕಾಲು ಮೀಟರ್ ಎತ್ತರಕ್ಕೆ ಮಾತ್ರ ಏರಿಸಬಲ್ಲದು. ಪೆಟ್ರೋಲಿನ ಆವಿ ಆ ಕೊರತೆಯನ್ನು ತುಂಬುವುದರಿಂದ ನಿಜದಲ್ಲಿ ಇನ್ನೂ ಕಡಿಮೆ. ಪೈಪಿನ ಸುತ್ತು ನೀರಿನ ಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ ನೀರು ಅದನ್ನು ದಾಟಿ ಟ್ಯಾಂಕಿಗೆ ಬೀಳದು. ಆದರೆ ಟ್ಯಾಂಕು ಕತ್ತಿನವರೆಗೆ ತುಂಬಿದ್ದು ಎರಡೇ ಲೀಟರ್ ಗಾಳಿ ಇದ್ದರೆ, ಅದೇ ಅರ್ಧ ಲೀಟರಿಗೆ ಒತ್ತಡ ಶೇಕಡಾ 20ರಷ್ಟು ಇಳಿಯುತ್ತದೆ. ನೀರು ಎರಡು ಮೀಟರ್ ಏರಬಲ್ಲದು. ಬಿಸಿಲಿಗೆ ಕಾದ ಟ್ಯಾಂಕು ತಣ್ಣನೆಯ ಹೊಳೆಗೆ ಇಳಿದರೆ ಒಳಗಿನ ಗಾಳಿ ಕುಗ್ಗುವುದೂ ಇದಕ್ಕೆ ಸೇರುತ್ತದೆ. ಆದ್ದರಿಂದ ಸುತ್ತು ಎತ್ತರವಾಗಿರಲಿ, ಬಾಯಿ ಕೆಳಗಿರಲಿ, ಕತ್ತಿನವರೆಗೆ ತುಂಬಿಸಿಕೊಂಡು ಆಳದ ಹೊಳೆಗೆ ಇಳಿಯದಿರಿ.

ಹೊಳೆದಾಟು:
ಮೇಷ್ಟ್ರೇ, ಈ ಲೆಕ್ಕವನ್ನು ಒಪ್ಪಿದೆ. ಆದರೆ ಬಾಯಿಗೆ ಕೆಸರು ಮೆತ್ತಿಕೊಂಡರೆ?

ಗಣಿತಮೇಷ್ಟ್ರು:
ಆಗ ಎಂಜಿನು ಸ್ವಲ್ಪ ಹೊತ್ತು ಓಡಿ ಸೊರಗುತ್ತದೆ, ಮುಚ್ಚಳ ತೆರೆದಾಗ ಸುಯ್ಯೆಂದು ಗಾಳಿ ಒಳನುಗ್ಗುತ್ತದೆ. ಬಾಯಿಯನ್ನು ಚಕ್ರದ ಎರಚಲಿಗೆ ಸಿಗದಂತೆ ಚಾಸಿಯ ಅಡ್ಡಪಟ್ಟಿಯ ಹಿಂದೆ, ಸೈಲೆನ್ಸರಿನ ಎದುರು ಬದಿಯಲ್ಲಿ ಇಟ್ಟು, ಪ್ರತಿ ಸ್ಪರ್ಧೆಯ ನಂತರ ಊದಿ ನೋಡಿ.

ತಂತಿಬಸವ:
ವಿದ್ಯುತ್ತಿನ ಕೆಲಸವನ್ನು ಎಲ್ಲರೂ ಮರೆತಿದ್ದೀರಿ. ಮಾರ್ಷಲ್ ಅವರು ಹೇಳಿದ ಜೀಪಿನಲ್ಲಿ ಪಂಪು ಓಡುತ್ತಲೇ ಇದ್ದದ್ದು, ಬಹುಶಃ ಅದನ್ನು ನೇರ ಸ್ವಿಚ್ಚಿಗೆ ಕಟ್ಟಿದ್ದರಿಂದ. ಪಂಪಿನ ತಂತಿಯನ್ನು ಕಂಪನಿಯ ರಿಲೇಯಿಂದಲೇ ತನ್ನಿ, ಎಂಜಿನು ನಿಂತರೆ ಇಸಿಯು (ಎಂಜಿನಿನ ಗಣಕ) ಅದನ್ನು ನಿಲ್ಲಿಸುತ್ತದೆ. ಅದರ ಜೊತೆಗೆ ಗುದ್ದಿದಾಗ ತಾನಾಗಿ ಕಡಿಯುವ ಇನರ್ಷಿಯಾ ಸ್ವಿಚ್ ಹಾಕಿ. ಪೆಟ್ಟಿಗೆಯನ್ನು ರಬ್ಬರಿನ ಮೇಲೆ ಕೂರಿಸಿದ ಮೇಲೆ ಅದಕ್ಕೂ ಚಾಸಿಗೂ ವಿದ್ಯುತ್ ಸಂಪರ್ಕ ಉಳಿಯುವುದಿಲ್ಲ. ಪೆಟ್ರೋಲ್ ತುಂಬಿಸುವಾಗ ಹುಟ್ಟುವ ಸ್ಥಾಯೀ ವಿದ್ಯುತ್ತು ಕಿಡಿಯಾಗದಿರಲು ತುಂಬುವ ಬಾಯಿ, ಪೆಟ್ಟಿಗೆ, ಚಾಸಿ ಮೂರನ್ನೂ ಹೆಣೆದ ತಾಮ್ರದ ಪಟ್ಟಿಯಿಂದ ಜೋಡಿಸಲೇಬೇಕು.

ಕಾನೂನುಕಣ್ಣು:
ಈ ಎಳೆಯನ್ನು ಓದಿ ರಸ್ತೆಯ ಗಾಡಿಗೆ ಹೀಗೆ ಮಾಡಲು ಹೊರಡುವವರಿಗೆ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಗೆ ಅವಕಾಶ ಕೊಡುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ವಿಮೆಯವರೂ ಕೈಬಿಡುತ್ತಾರೆ. ಲಾರಿಯ ಮೇಲೆ ಹೋಗುವ ಸ್ಪರ್ಧೆಯ ಗಾಡಿಯ ಮಾತು ಬೇರೆ.

ಕೆಸರುಹಾದಿ:
ಎಲ್ಲರಿಗೂ ಕೃತಜ್ಞತೆಗಳು. ನಾನು ಮಾಡಬೇಕೆಂದಿರುವುದು ಹೀಗಿದೆ. ಈ ಪೆಟ್ಟಿಗೆಯನ್ನು ಕೇಜಿಗೆ ಸೇರಿದ ತೊಟ್ಟಿಲಿನಲ್ಲಿ, ಫೈರ್‌ವಾಲ್‌ನ ಹಿಂದೆ ಕೂರಿಸುತ್ತೇನೆ; ಪಂಪು ಒಳಗಿನ ಬಾಗಿಲುಪೆಟ್ಟಿಗೆಯಲ್ಲಿ, ಪೈಪು ಪಿಟಿಎಫ್‌ಇ, ವೆಂಟ್ ಮೇಷ್ಟ್ರು ಹೇಳಿದಂತೆ. ತೊಟ್ಟಿಲನ್ನು ಮುಂದೆ ಬ್ಲಾಡರ್ ಇರುವ ಸೆಲ್ ಹಿಡಿಸುವ ಅಳತೆಗೇ ಮಾಡಿಸುತ್ತೇನೆ. ಪೆಟ್ರೋಲ್ ತುಂಬಿಸುವ ಮೊದಲು ಕಂಪ್ರೆಸರಿನಿಂದ ಗಾಳಿ ಹಾಕಿ ಸೋರಿಕೆ ನೋಡಬಹುದೇ?

ಚಾಸಿಮೇಸ್ತ್ರಿ:
ಕಂಪ್ರೆಸರ್ ಬೇಡವೇ ಬೇಡ. ಚಪ್ಪಟೆ ಗೋಡೆಯ ಪೆಟ್ಟಿಗೆ ಒಂದು ಕ್ಷಣದಲ್ಲಿ ಉಬ್ಬಿ ಬೆಸುಗೆ ಬಿಡುತ್ತದೆ. ಸೈಕಲ್ ಪಂಪಿನಿಂದ ಮೆಲ್ಲಗೆ ಸ್ವಲ್ಪವೇ ಗಾಳಿ ಹಾಕಿ, ಸೋಪುನೀರು ಹಚ್ಚಿ ನೋಡಿ.

ಬೋಲ್ಟುನಟ್ಟು:
ಆಮೇಲೆ ಹತ್ತು ಲೀಟರ್ ಪೆಟ್ರೋಲ್ ಹಾಕಿ, ಎಂಜಿನು ಚಾಲೂ ಮಾಡದೆ ಪಂಪು ಮಾತ್ರ ಓಡಿಸಿ, ಪ್ರತಿ ಜೋಡಣೆಯ ಸುತ್ತ ಒಣ ಕಾಗದ ಒತ್ತಿ ತೇವ ಕಾಣುತ್ತದೆಯೇ ಪರೀಕ್ಷಿಸಿ. ಹೊಸ ಫೋಮಿನ ಪುಡಿ ಮೊದಲ ಸಲವೇ ಫಿಲ್ಟರಿಗೆ ಬರುತ್ತದೆ. ಪರೀಕ್ಷೆ ಮುಗಿದ ಕೂಡಲೇ ಫಿಲ್ಟರ್ ಬಿಚ್ಚಿ ನೋಡಿ. ಕಪ್ಪು ಚೂರುಗಳು ಕೈಗೆ ಮೆತ್ತಗೆ ಅಂಟಿದರೆ ಆ ಫೋಮ್ ನಮ್ಮ ಪೆಟ್ರೋಲಿಗೆ ಕರಗುತ್ತಿದೆ ಎಂದರ್ಥ, ಅದನ್ನು ತೆಗೆದು ಎಥನಾಲಿಗೆ ತಾಳುವ ಫೋಮ್ ಹಾಕದೆ ಗಾಡಿಯನ್ನು ಸ್ಪರ್ಧೆಗೆ ಒಯ್ಯಬೇಡಿ.